ಲಕ್ಸೆಂಬರ್ಗ್‌ನ ಶೇ 1ರಷ್ಟು ವಿದೇಶಿ ನೆರವು: ಲೆಕ್ಕ ತಾಳೆಯಾಗುತ್ತಿಲ್ಲ, ಬಲ್ಲವರು ತಿಳಿಸಿ

ಜಯನಗರದ ಓದುಗ (ಪ್ರಶ್ನೆ)

ನಮ್ಮ ಓದುಗರ ಬಳಗದ ಮುಂದಿನ ಕೂಟದಲ್ಲಿ ಶ್ರೀಮಂತ ದೇಶಗಳು ಬಡ ದೇಶಗಳಿಗೆ ಕೊಡುವ ನೆರವಿನ ಬಗ್ಗೆ ಚರ್ಚೆ ಇದೆ. ಉದಾಹರಣೆಗೆ ಲಕ್ಸೆಂಬರ್ಗ್ ತೆಗೆದುಕೊಂಡಿದ್ದೇವೆ. ವಿಸ್ತೀರ್ಣ 2,586 ಚದರ ಕಿ.ಮೀ., ಅಂದರೆ ಬೆಂಗಳೂರು ನಗರ ಜಿಲ್ಲೆಗಿಂತ ತುಸು ದೊಡ್ಡದು. ಜನಸಂಖ್ಯೆ ಏಳು ಲಕ್ಷವೂ ಇಲ್ಲ. ಆದರೂ ವರ್ಷಕ್ಕೆ 50 ಕೋಟಿ ಯೂರೊಗಿಂತ ಹೆಚ್ಚು ನೆರವು ಕೊಡುತ್ತದೆ. ತಲೆಗೆ 750 ಯೂರೊ ಸುಮಾರು ಬೀಳುತ್ತದೆ.

ಮೂರು ಕಡೆ ಸಿಕ್ಕಿಹಾಕಿಕೊಂಡಿದ್ದೇನೆ.

ಒಂದು, ಎಲ್ಲ ಕಡೆ "ಶೇ 1" ಎಂದಿದೆ. ಆದರೆ ನೆರವಿನ ಮೊತ್ತವನ್ನು ಅವರ ಜಿಡಿಪಿಯಿಂದ ಭಾಗಿಸಿದರೆ ಶೇ 0.7 ಕೂಡ ಸರಿಯಾಗಿ ಬರುವುದಿಲ್ಲ. ಎರಡು, ಯುರೋಪಿನ ದೇಶಗಳು ತಮ್ಮ ಊರಿಗೆ ಬಂದ ನಿರಾಶ್ರಿತರ ಖರ್ಚನ್ನೂ ನೆರವಿನ ಲೆಕ್ಕಕ್ಕೆ ಸೇರಿಸುತ್ತವೆ ಎಂದು ಓದಿದೆ. ಇವರೂ ಹಾಗೆಯೇ ಮಾಡುತ್ತಾರಾ? ಮೂರು, ಈ ದುಡ್ಡಿನಲ್ಲಿ ಕರ್ನಾಟಕಕ್ಕೆ ಏನಾದರೂ ಬರುತ್ತದೆಯಾ? ನಮ್ಮ ಮೆಟ್ರೊ ಗುಲಾಬಿ ಮಾರ್ಗಕ್ಕೆ ಸಾಲ ಕೊಟ್ಟ ಯುರೋಪಿಯನ್ ಇನ್ವೆಸ್ಟ್‌ಮೆಂಟ್ ಬ್ಯಾಂಕಿನ ಕೇಂದ್ರ ಕಚೇರಿ ಲಕ್ಸೆಂಬರ್ಗ್‌ನಲ್ಲೇ ಇದೆ. ಅದೂ ಇದರಲ್ಲಿ ಸೇರಿದೆಯಾ?

ಬಸವನಗುಡಿ ಲೆಕ್ಕ

ಮೊದಲ ಗೊಂದಲಕ್ಕೆ ಕಾರಣ ಛೇದ, ಅಂದರೆ ಯಾವುದರಿಂದ ಭಾಗಿಸುತ್ತೀರಿ ಎಂಬುದು. ಅಧಿಕೃತ ಅಭಿವೃದ್ಧಿ ನೆರವನ್ನು, ಅಂದರೆ ಓಡಿಎಯನ್ನು, ಅಳೆಯುವುದು ಜಿಡಿಪಿಗೆ ಹೋಲಿಸಿ ಅಲ್ಲ, ಒಟ್ಟು ರಾಷ್ಟ್ರೀಯ ಆದಾಯಕ್ಕೆ ಹೋಲಿಸಿ. ಅದೇ ಜಿಎನ್‌ಐ. ಭಾರತದಂಥ ದೇಶದಲ್ಲಿ ಇವೆರಡೂ ಹೆಚ್ಚುಕಡಿಮೆ ಒಂದೇ ಇರುವುದರಿಂದ ಯಾವುದನ್ನು ಹಿಡಿದರೂ ನಡೆಯುತ್ತದೆ. ಲಕ್ಸೆಂಬರ್ಗ್‌ನಲ್ಲಿ ನಡೆಯುವುದಿಲ್ಲ. ಅಲ್ಲಿ ಕೂಲಿಗೆ ದುಡಿಯುವವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಬೆಳಿಗ್ಗೆ ಫ್ರಾನ್ಸ್, ಬೆಲ್ಜಿಯಂ, ಜರ್ಮನಿಯಿಂದ ಬಂದು ಸಂಜೆ ಮನೆಗೆ ಮರಳುವವರು. ಅವರ ದುಡಿಮೆ ಲಕ್ಸೆಂಬರ್ಗ್‌ನ ಜಿಡಿಪಿಯಲ್ಲಿ ಸೇರುತ್ತದೆ, ಸಂಬಳ ಪಕ್ಕದ ದೇಶದ ಆದಾಯವಾಗುತ್ತದೆ. ಬ್ಯಾಂಕು, ಹೂಡಿಕೆ ನಿಧಿಗಳ ಲಾಭದಲ್ಲೂ ದೊಡ್ಡ ಪಾಲು ಹೊರಗಿನ ಮಾಲೀಕರದ್ದು. ಇವೆಲ್ಲ ಕಳೆದರೆ ಜಿಎನ್‌ಐ ಉಳಿಯುವುದು ಜಿಡಿಪಿಯ ಮೂರನೇ ಎರಡು ಭಾಗದ ಆಸುಪಾಸು.

ದುಂಡು ಅಂಕಿಯಲ್ಲಿ ನೋಡಿ. ಜಿಡಿಪಿ 8,000 ಕೋಟಿ ಯೂರೊ, ಜಿಎನ್‌ಐ 5,500 ಕೋಟಿ, ನೆರವು 55 ಕೋಟಿ ಎಂದಿಟ್ಟುಕೊಳ್ಳಿ. ಜಿಎನ್‌ಐಗೆ ಹೋಲಿಸಿದರೆ ಸರಿಯಾಗಿ ಶೇ 1. ಜಿಡಿಪಿಗೆ ಹೋಲಿಸಿದರೆ ಶೇ 0.69. ಅಂದರೆ ಛೇದ ತಪ್ಪಿದರೆ, ವಿಶ್ವಸಂಸ್ಥೆಯ ಶೇ 0.7ರ ಗುರಿ ದಾಟಿದ ದೇಶವನ್ನು ಗುರಿ ಮುಟ್ಟದ ದೇಶ ಎಂದು ಬರೆದಂತಾಗುತ್ತದೆ.

ಆ ಗುರಿ ಬಂದದ್ದು 1970ರ ಅಕ್ಟೋಬರ್ 24ರಂದು ವಿಶ್ವಸಂಸ್ಥೆಯ ಮಹಾಸಭೆ ಒಪ್ಪಿದ 2626ನೇ ನಿರ್ಣಯದಿಂದ. ಶ್ರೀಮಂತ ದೇಶಗಳು ಆ ದಶಕದ ಮಧ್ಯಭಾಗದ ಹೊತ್ತಿಗೆ ಶೇ 0.7 ಮುಟ್ಟಬೇಕು ಎಂದಿತ್ತು. ಮುಟ್ಟಿದವರು ಬೆರಳೆಣಿಕೆಯಷ್ಟು. ಲಕ್ಸೆಂಬರ್ಗ್, ಹೆಚ್ಚಾಗಿ ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಯ ಅಭಿವೃದ್ಧಿ ನೆರವು ಸಮಿತಿಗೆ, ಅಂದರೆ ದಾನಿ ದೇಶಗಳ ಡ್ಯಾಕ್‌ಗೆ, ಸೇರಿದ್ದು 1992ರಲ್ಲಿ, ಶೇ 0.7 ಮುಟ್ಟಿದ್ದು 2000ದಲ್ಲಿ. ಅದಾದ ಮೇಲೆ ಶೇ 1ಕ್ಕೆ ಏರಿ ಅಲ್ಲೇ ನಿಂತಿದೆ.

"ಶೇ 0.99" ಎಂದು ಕಂಡರೆ ಮಾತು ತಪ್ಪಿದರು ಎಂದು ಬರೆಯಬೇಡಿ. ಬಜೆಟ್ ಕಟ್ಟುವುದು ಮುಂದಿನ ವರ್ಷದ ಜಿಎನ್‌ಐ ಅಂದಾಜಿನ ಮೇಲೆ. ವರ್ಷ ಮುಗಿದ ಮೇಲೆ ಜಿಎನ್‌ಐ ಅಂದಾಜಿಗಿಂತ ಹೆಚ್ಚು ಬಂದರೆ, ಖರ್ಚು ಮಾಡಿದ ದುಡ್ಡು ಅಷ್ಟೇ ಇದ್ದರೂ ಶೇಕಡಾವಾರು ಕೆಳಗಿಳಿಯುತ್ತದೆ. 2023ರಲ್ಲಿ 0.99, 2024ರಲ್ಲಿ 1.00 ಬಂದಿರುವುದನ್ನು ಹಾಗೆಯೇ ಓದಬೇಕು.

ಮಲ್ಲೇಶ್ವರಂ ಅಂಕಿಅಂಶ

ಮೇಲಿನವರು ಹೇಳಿದ್ದಕ್ಕೆ ಸೇರಿಸುತ್ತೇನೆ. ಕೂಟದಲ್ಲಿ ಯಾರಾದರೂ "ಈ ಅಂಕಿ ಎಲ್ಲಿಂದ ತಂದಿರಿ" ಎಂದು ಕೇಳಿಯೇ ಕೇಳುತ್ತಾರೆ. ಆದ್ದರಿಂದ ನೀವೇ ನೇರವಾಗಿ ತೆಗೆದುಕೊಳ್ಳಿ.

ಒಇಸಿಡಿಯ ಡೇಟಾ ಎಕ್ಸ್‌ಪ್ಲೋರರ್‌ಗೆ ಹೋಗಿ. ಹಳೆಯ ಒಇಸಿಡಿ ಸ್ಟ್ಯಾಟ್ ಕೊಂಡಿಗಳು ಈಗ ಕೆಲಸಕ್ಕೆ ಬರುವುದಿಲ್ಲ. ಡ್ಯಾಕ್ 1 ಎಂಬ ಕೋಷ್ಟಕದಲ್ಲಿ ದಾನಿ ದೇಶವಾರು ಒಟ್ಟು ಮೊತ್ತ ಇರುತ್ತದೆ. ಡ್ಯಾಕ್ 2ಎಯಲ್ಲಿ ಯಾವ ದೇಶ ಯಾವ ದೇಶಕ್ಕೆ ಕೊಟ್ಟಿತು ಎಂಬುದು. ಒಂದೊಂದು ಯೋಜನೆಯ ವಿವರ ಬೇಕಾದರೆ ಸಿಆರ್‌ಎಸ್. ಮೊದಲಿಗೇ ಸಿಆರ್‌ಎಸ್ ತೆರೆಯುವ ಗೋಜಿಗೆ ಹೋಗಬೇಡಿ, ಸಾವಿರಾರು ಸಾಲುಗಳಲ್ಲಿ ಕಳೆದುಹೋಗುತ್ತೀರಿ.

ಜನ ಎಡವುವ ಜಾಗಗಳು ಇವು.

ಬೆಲೆಯ ಆಯ್ಕೆ. "ಚಾಲ್ತಿ ಬೆಲೆ" ಮತ್ತು "ಸ್ಥಿರ ಬೆಲೆ" (ಬೆಲೆಯೇರಿಕೆ, ವಿನಿಮಯ ದರದ ಏರಿಳಿತ ತೆಗೆದದ್ದು) ಎಂದು ಎರಡಿವೆ. ಒಂದು ವರ್ಷದಿಂದ ಇನ್ನೊಂದಕ್ಕೆ ಹೋಲಿಸುವಾಗ ಸ್ಥಿರ ಬೆಲೆಯನ್ನೇ ಹಿಡಿಯಿರಿ. ಏಕೆಂದರೆ ಕೋಷ್ಟಕ ಡಾಲರ್‌ನಲ್ಲಿದೆ, ಖರ್ಚಾಗುವುದು ಯೂರೊದಲ್ಲಿ. 2021ರಲ್ಲಿ ಯೂರೊದ ಸರಾಸರಿ ಬೆಲೆ ಸುಮಾರು 1.18 ಡಾಲರ್ ಇತ್ತು, 2022ರಲ್ಲಿ 1.05ಕ್ಕೆ ಬಿತ್ತು. 50 ಕೋಟಿ ಯೂರೊ ಎರಡೂ ವರ್ಷ ಕೊಟ್ಟಿದ್ದರೆ ಡಾಲರ್ ಕಾಲಂನಲ್ಲಿ 59 ಕೋಟಿ ಇದ್ದದ್ದು 52.5 ಕೋಟಿಯಾಗಿ ಕಾಣುತ್ತದೆ. ಒಂದು ಯೂರೊ ಕೂಡ ಕಡಿತವಾಗದೆ "ನೆರವು ಶೇ 11 ಇಳಿಕೆ" ಎಂಬ ತಲೆಬರಹ ಹುಟ್ಟುವುದು ಹೀಗೆ.

ಪ್ರಾಥಮಿಕ ಅಂಕಿ, ಅಂತಿಮ ಅಂಕಿ. ಪ್ರತಿ ಏಪ್ರಿಲ್‌ನಲ್ಲಿ ಹಿಂದಿನ ವರ್ಷದ ಪ್ರಾಥಮಿಕ ಅಂಕಿ ಬರುತ್ತದೆ, ಅಂತಿಮ ಅಂಕಿ ತಿಂಗಳುಗಳ ನಂತರ. 2024ರ ಪ್ರಾಥಮಿಕ ಅಂಕಿಯಂತೆ ಡ್ಯಾಕ್ ದೇಶಗಳ ಒಟ್ಟು ನೆರವು 212.1 ಬಿಲಿಯನ್ ಡಾಲರ್, ಸರಾಸರಿ ಜಿಎನ್‌ಐನ ಶೇ 0.33. ಶೇ 0.7 ಮುಟ್ಟಿದವರು ನಾಲ್ವರೇ: ನಾರ್ವೆ 1.02, ಲಕ್ಸೆಂಬರ್ಗ್ 1.00, ಸ್ವೀಡನ್ 0.79, ಡೆನ್ಮಾರ್ಕ್ 0.71. ಅಮೆರಿಕ ಆ ವರ್ಷ ಮೊತ್ತದಲ್ಲಿ ಎಲ್ಲರಿಗಿಂತ ಮುಂದಿತ್ತು, ಶೇಕಡಾವಾರಿನಲ್ಲಿ 0.22. ಯಾವ ವರ್ಷದ, ಯಾವ ಹಂತದ ಅಂಕಿ ಎಂಬುದನ್ನು ಪಕ್ಕದಲ್ಲೇ ಬರೆದಿಡಿ.

ಕೋಟಿ, ಬಿಲಿಯನ್. ಒಂದು ಮಿಲಿಯನ್ ಅಂದರೆ 10 ಲಕ್ಷ, ಒಂದು ಬಿಲಿಯನ್ ಅಂದರೆ 100 ಕೋಟಿ. ಕೋಷ್ಟಕದ ಅಂಕಿಗಳೆಲ್ಲ ಮಿಲಿಯನ್‌ನಲ್ಲಿರುತ್ತವೆ. 550 ಎಂದಿದ್ದರೆ 55 ಕೋಟಿ. ಇಲ್ಲಿ ಒಂದು ಸೊನ್ನೆ ತಪ್ಪಿದ ಬರಹಗಳು ಕನ್ನಡದಲ್ಲಿ ಬೇಕಾದಷ್ಟಿವೆ. ಅಂಥವನ್ನು ಓದಿದವರು ಮುಂದೆ ಸರಿಯಾದ ಅಂಕಿ ಕಂಡರೂ ನಂಬುವುದಿಲ್ಲ.

ಇನ್ನೊಂದು ಮಾತು. ಡ್ಯಾಕ್ 2ಎಯಲ್ಲಿ "ಲಾವೋಸ್‌ಗೆ ಇಷ್ಟು" ಎಂದು ಕಾಣುವುದು ದ್ವಿಪಕ್ಷೀಯ ನೆರವು ಮಾತ್ರ. ಲಕ್ಸೆಂಬರ್ಗ್ ಯುನಿಸೆಫ್‌ಗೋ ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಗೋ ಷರತ್ತಿಲ್ಲದೆ ಕೊಟ್ಟ ದೇಣಿಗೆ ಬಹುಪಕ್ಷೀಯ ಲೆಕ್ಕಕ್ಕೆ ಹೋಗುತ್ತದೆ. ಅದರಲ್ಲಿ ಲಾವೋಸ್‌ಗೆ ತಲುಪಿದ ಪಾಲು ಈ ಸಾಲಿನಲ್ಲಿ ಇರುವುದಿಲ್ಲ.

ವಿಜಯನಗರ ಆರ್ಥಿಕ

ನಿಮ್ಮ ಎರಡನೇ ಪ್ರಶ್ನೆಯೇ ನಿಜವಾಗಿ ತೂಕದ್ದು. ಛೇದದಷ್ಟೇ ಅಂಶವನ್ನೂ, ಅಂದರೆ ನೆರವಿನ ಮೊತ್ತವನ್ನೂ, ಬಿಡಿಸಿ ನೋಡಬೇಕು. ಶೇ 0.8 ಎಂದು ಹೇಳಿಕೊಳ್ಳುವ ಎರಡು ದೇಶಗಳು ಬಡ ದೇಶಗಳಿಗೆ ಕಳಿಸುವ ದುಡ್ಡು ಒಂದೇ ಇರಬೇಕಾಗಿಲ್ಲ.

ಡ್ಯಾಕ್ ನಿಯಮದ ಪ್ರಕಾರ ನಿರಾಶ್ರಿತರು ದಾನಿ ದೇಶಕ್ಕೆ ಬಂದ ಮೊದಲ 12 ತಿಂಗಳ ಊಟ, ವಸತಿ ಮುಂತಾದ ಖರ್ಚನ್ನು ಓಡಿಎ ಎಂದು ತೋರಿಸಬಹುದು. ತೋರಿಸಲೇಬೇಕು ಎಂದೇನಿಲ್ಲ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಈ ಬಾಬತ್ತು ಏಕಾಏಕಿ ಹಿಗ್ಗಿತು. ಬ್ರಿಟನ್ ಆ ವರ್ಷ ತನ್ನ ನೆರವಿನ ಕಾಲು ಭಾಗಕ್ಕಿಂತ ಹೆಚ್ಚನ್ನು ಹೀಗೆ ತನ್ನ ನೆಲದಲ್ಲೇ ಖರ್ಚು ಮಾಡಿತು. ಅದು ತಪ್ಪು ಖರ್ಚಲ್ಲ, ನಿರಾಶ್ರಿತರಿಗೆ ಸೂರು ಕೊಡಬೇಕಾದ್ದೇ. ಆದರೆ ಮಲಾವಿಯ ಕ್ಲಿನಿಕ್ಕಿಗೆ ಮೀಸಲಾದ ದುಡ್ಡಿನಿಂದ ಲಂಡನ್ ಹೋಟೆಲಿನ ಬಿಲ್ಲು ಕಟ್ಟಿದರೆ ಶೇಕಡಾವಾರು ಹಾಗೇ ಉಳಿಯುತ್ತದೆ, ಕ್ಲಿನಿಕ್ಕು ಉಳಿಯುವುದಿಲ್ಲ. ಲಕ್ಸೆಂಬರ್ಗ್ ಈ ಖರ್ಚನ್ನು ಓಡಿಎಗೆ ಸೇರಿಸುವುದೇ ಇಲ್ಲ, ಬೇರೆ ಬಾಬತ್ತಿನಿಂದ ಭರಿಸುತ್ತದೆ. ಹವಾಮಾನ ಬದಲಾವಣೆ ಎದುರಿಸಲು ಬಡ ದೇಶಗಳಿಗೆ ಕೊಡುವ ಹಣವನ್ನೂ ನೆರವಿನ ಮೇಲೆ ಹೆಚ್ಚುವರಿಯಾಗಿ ಇಡುವುದು ಅವರ ನೀತಿ. ಶೇ 1ಕ್ಕಿಂತಲೂ ಇದನ್ನೇ ನಾನು ಹೆಚ್ಚು ಗೌರವಿಸುತ್ತೇನೆ.

ಮುಂದಿನದು ಸಾಲ. ಲಕ್ಸೆಂಬರ್ಗ್ ಕೊಡುವುದೆಲ್ಲ ಅನುದಾನ. "ನಮ್ಮ ಕಂಪನಿಯಿಂದಲೇ ಕೊಳ್ಳಬೇಕು" ಎಂಬ ಕಟ್ಟುಪಾಡೂ ಇಲ್ಲ. ಜಪಾನ್ ಹೆಚ್ಚಾಗಿ ಕಡಿಮೆ ಬಡ್ಡಿಯ ಸಾಲ ಕೊಡುತ್ತದೆ. ಬೆಂಗಳೂರಿನ ಕಾವೇರಿ ಐದನೇ ಹಂತಕ್ಕೆ ಜಪಾನ್ ಸರ್ಕಾರದ ನೆರವು ಸಂಸ್ಥೆ ಜೈಕಾದಿಂದ ಬಂದದ್ದು ಅಂಥದೇ ಓಡಿಎ ಸಾಲ. 2024ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ, 110 ಹಳ್ಳಿಗಳಿಗೆ ದಿನಕ್ಕೆ 77.5 ಕೋಟಿ ಲೀಟರ್ ನೀರು ಕೊಡಬೇಕಾದ ಯೋಜನೆ ಅದು. ಸಾಲವನ್ನು ನೆರವಿನ ಲೆಕ್ಕಕ್ಕೆ ಹಿಡಿಯುವ ಬಗೆ 2018ರ ಅಂಕಿಗಳಿಂದ ಬದಲಾಯಿತು. ಮೊದಲು ಕೊಟ್ಟಾಗ ಪೂರ್ತಿ ಸಾಲವನ್ನು ಕೂಡಿಸಿ, ತೀರಿಸಿದಾಗ ಅಸಲನ್ನು ಕಳೆಯುತ್ತಿದ್ದರು. ಈಗ ಸಾಲದೊಳಗಿನ "ಅನುದಾನದ ಅಂಶ" ಮಾತ್ರ ಎಣಿಕೆ.

ಇದನ್ನು ನೀವೇ ಎಕ್ಸೆಲ್‌ನಲ್ಲಿ ಮಾಡಿ ನೋಡಬಹುದು. 100 ಕೋಟಿ ಸಾಲ, ಬಡ್ಡಿ ಶೇ 1, ಅಸಲು 20ನೇ ವರ್ಷದ ಕೊನೆಗೆ ಒಂದೇ ಗಂಟಿನಲ್ಲಿ ವಾಪಸ್ (ಇದು ಕಲ್ಪಿತ ಸಾಲ, ಜೈಕಾದ ನಿಜವಾದ ಷರತ್ತುಗಳಲ್ಲ). ಭಾರತ ಕೆಳ ಮಧ್ಯಮ ಆದಾಯದ ದೇಶ, ಆ ಗುಂಪಿಗೆ ಡ್ಯಾಕ್‌ನ ವಟಾವು ದರ (ಮುಂದೆ ಬರುವ ದುಡ್ಡನ್ನು ಇಂದಿನ ಬೆಲೆಗೆ ಇಳಿಸುವ ದರ) ಶೇ 7. ಎಕ್ಸೆಲ್‌ನ ಪಿವಿ (ಇಂದಿನ ಬೆಲೆ) ಸೂತ್ರಕ್ಕೆ ಕ್ರಮವಾಗಿ 7%, 20, -1, -100 ಕೊಡಿ. 36.4 ಬರುತ್ತದೆ. ತೀರಿಸಬೇಕಾದ ಎಲ್ಲ ಕಂತುಗಳ ಇಂದಿನ ಬೆಲೆ ಅಷ್ಟು. ಉಳಿದ 63.6 ಕೋಟಿ ಓಡಿಎ.

ಈಗ ಬಡ್ಡಿಯನ್ನು ಶೇ 4 ಮಾಡಿ, ಅಂದರೆ -1ರ ಜಾಗದಲ್ಲಿ -4. ಇಂದಿನ ಬೆಲೆ 68.2, ಅನುದಾನದ ಅಂಶ 31.8. ಈ ಗುಂಪಿನ ದೇಶಗಳಿಗೆ ಕನಿಷ್ಠ ಮಿತಿ ಶೇ 15 ಮಾತ್ರ, ಹಾಗಾಗಿ ಶೇ 4 ಬಡ್ಡಿಯ ಸಾಲವೂ ಸಲೀಸಾಗಿ ನೆರವು ಎನಿಸಿಕೊಳ್ಳುತ್ತದೆ. ಯುರೋಪಿನ ಸರ್ಕಾರವೊಂದು ಶೇ 2ಕ್ಕೆ ಸಾಲ ಎತ್ತಿ ಶೇ 4ಕ್ಕೆ ಕೊಟ್ಟರೆ ಅದಕ್ಕೆ ನಷ್ಟವೇ ಇಲ್ಲ, ಆದರೂ 100 ಕೋಟಿಗೆ 31.8 ಕೋಟಿ ದಾನ ಮಾಡಿದ ಲೆಕ್ಕ. ಅತಿ ಹಿಂದುಳಿದ ದೇಶಗಳಿಗೆ ವಟಾವು ದರ ಶೇ 9, ಮಿತಿ ಶೇ 45. ಮೇಲ್ಮಧ್ಯಮ ದೇಶಗಳಿಗೆ ಶೇ 6 ಮತ್ತು ಶೇ 10. ಈ ದರಗಳು ಅತಿ ಉದಾರ ಎಂಬ ಟೀಕೆ ಮೊದಲಿನಿಂದಲೂ ಇದೆ, ನನ್ನ ಮಟ್ಟಿಗೆ ಅದು ಸರಿಯಾದ ಟೀಕೆ.

ಅನುದಾನಕ್ಕೆ ಈ ತಾಪತ್ರಯ ಯಾವುದೂ ಇಲ್ಲ. 100 ಕೊಟ್ಟರೆ 100. ಹಾಗಾಗಿ ಲಕ್ಸೆಂಬರ್ಗ್‌ನ ಅಂಕಿ ಹಳೆಯ ವಿಧಾನದಲ್ಲೂ ಹೊಸದರಲ್ಲೂ ಹೆಚ್ಚುಕಡಿಮೆ ಒಂದೇ.

ಜಯನಗರದ ಓದುಗ

ಎಕ್ಸೆಲ್ ಲೆಕ್ಕ ಮಾಡಿ ನೋಡಿದೆ, ಸರಿಯಾಗಿ ಬಂತು. ಬಹಳ ಉಪಕಾರವಾಯಿತು. ದುಡ್ಡು ಯಾವ ದೇಶಗಳಿಗೆ, ಯಾರ ಕೈಯಿಂದ ಹೋಗುತ್ತದೆ ಎಂಬುದನ್ನೂ ಯಾರಾದರೂ ಹೇಳಿದರೆ ಚಿತ್ರ ಪೂರ್ತಿಯಾಗುತ್ತದೆ.

ಬಸವನಗುಡಿ ಲೆಕ್ಕ

ಕಾನೂನಿನ ತಳಹದಿ 1996ರ ಜನವರಿ 6ರ ಸಹಕಾರ ಕಾಯಿದೆ, 2012ರಲ್ಲಿ ತಿದ್ದುಪಡಿಯಾಯಿತು. ನೀತಿ ವಿದೇಶಾಂಗ ಸಚಿವಾಲಯದ್ದು. 2023ರ ನವೆಂಬರ್‌ನಿಂದ ಈ ಖಾತೆ ಮಾಜಿ ಪ್ರಧಾನಿ ಕ್ಸೇವಿಯರ್ ಬೆಟೆಲ್ ಬಳಿ ಇದೆ. ದ್ವಿಪಕ್ಷೀಯ ಯೋಜನೆಗಳನ್ನು ನೆಲದ ಮೇಲೆ ನಡೆಸುವುದು 1978ರಲ್ಲಿ ಹುಟ್ಟಿದ ಲಕ್ಸ್‌ಡೆವ್ ಎಂಬ ಸರ್ಕಾರಿ ಒಡೆತನದ ಸಂಸ್ಥೆ. ಉಳಿದದ್ದು ವಿಶ್ವಸಂಸ್ಥೆಯ ಅಂಗಗಳು, ಯುರೋಪಿಯನ್ ಒಕ್ಕೂಟ, ಮಾನ್ಯತೆ ಪಡೆದ ಎನ್‌ಜಿಒಗಳ ಮೂಲಕ.

ಚಿಕ್ಕ ದೇಶ ಎಲ್ಲ ಕಡೆ ಚಿಲ್ಲರೆ ಹಂಚಿದರೆ ಎಲ್ಲೂ ಕೆಲಸವಾಗುವುದಿಲ್ಲ. ಅದಕ್ಕೇ ಆಯ್ದ ಕೆಲವೇ ದೇಶಗಳಲ್ಲಿ ಹತ್ತಾರು ವರ್ಷ ಬಿಡದೆ ನಿಲ್ಲುವುದು ಅವರ ರೀತಿ: ಕಾಬೊ ವರ್ಡೆ, ಸೆನೆಗಲ್, ಮಾಲಿ, ನೈಜರ್, ಬುರ್ಕಿನಾ ಫಾಸೊ, ಲಾವೋಸ್, ಕೊಸೊವೊ, ಇತ್ತೀಚೆಗೆ ರುವಾಂಡ. ಒಂದೊಂದು ದೇಶದ ಜೊತೆ ಹಲವು ವರ್ಷಗಳ ಒಪ್ಪಂದ ಮಾಡಿಕೊಂಡು ವೃತ್ತಿ ತರಬೇತಿ, ಆರೋಗ್ಯ, ನೀರು ಎಂದು ಎರಡು ಮೂರು ಕ್ಷೇತ್ರಗಳಿಗೆ ಕಟ್ಟುಬೀಳುತ್ತಾರೆ. ಸೆನೆಗಲ್‌ನಲ್ಲಿ ಉತ್ತರದ ಸೇಂಟ್ ಲೂಯಿ, ಲೂಗಾ, ಮತಾಮ್ ಪ್ರದೇಶಗಳಲ್ಲಿ ನೆಲೆಯೂರಿದ್ದು ಹೀಗೆ.

ಈ ಪಟ್ಟಿಯಲ್ಲೇ ಅಪಾಯವೂ ಇದೆ. ಮಾಲಿಯಲ್ಲಿ 2020ರಲ್ಲಿ, ಬುರ್ಕಿನಾ ಫಾಸೊದಲ್ಲಿ 2022ರಲ್ಲಿ, ನೈಜರ್‌ನಲ್ಲಿ 2023ರ ಜುಲೈನಲ್ಲಿ ಸೇನೆ ಅಧಿಕಾರ ಹಿಡಿಯಿತು. ಸರ್ಕಾರದ ಖಜಾನೆ ಮೂಲಕ ಹಣ ಕಳಿಸುವ ವ್ಯವಸ್ಥೆ ಕಟ್ಟಿಕೊಂಡವರಿಗೆ ಇದು ದೊಡ್ಡ ಪೆಟ್ಟು. ಹಣ ನಿಲ್ಲಿಸಿದರೆ ಆಸ್ಪತ್ರೆಯ ದಾದಿಗೆ ಸಂಬಳವಿಲ್ಲ, ನಿಲ್ಲಿಸದಿದ್ದರೆ ಬಂದೂಕು ಹಿಡಿದವರ ಕೈಗೆ ಹಣ. ಎನ್‌ಜಿಒ, ವಿಶ್ವಸಂಸ್ಥೆಯ ದಾರಿಗೆ ತಿರುಗಿಸಬಹುದು, ಆದರೆ ಅದಕ್ಕೆ ಹೊಸ ಒಪ್ಪಂದ, ಹೊಸ ಲೆಕ್ಕಪರಿಶೋಧನೆ ಎಲ್ಲ ಬೇಕು.

ಹನುಮಂತನಗರ

ಹೊಗಳಿಕೆಯ ನಡುವೆ ಇದನ್ನೂ ಚರ್ಚೆಗೆ ತನ್ನಿ. ಲಕ್ಸೆಂಬರ್ಗ್‌ನಲ್ಲಿ ನೋಂದಾಯಿತ ಹೂಡಿಕೆ ನಿಧಿಗಳ ಆಸ್ತಿ 5 ಲಕ್ಷ ಕೋಟಿ ಯೂರೊ ಮೀರಿದೆ. ಭಾರತದ ಷೇರುಪೇಟೆಗೆ ಬರುವ ವಿದೇಶಿ ಹೂಡಿಕೆಯಲ್ಲೂ ಆ ದೇಶದ ಹೆಸರು ಮುಂಚೂಣಿಯಲ್ಲಿದೆ. 2014ರ ಲಕ್ಸ್‌ಲೀಕ್ಸ್ ದಾಖಲೆಗಳು ಬಹುರಾಷ್ಟ್ರೀಯ ಕಂಪನಿಗಳು ಅಲ್ಲಿನ ತೆರಿಗೆ ಅಧಿಕಾರಿಗಳಿಂದ ಮೊದಲೇ ಪಡೆದ ಒಪ್ಪಿಗೆ ಪತ್ರಗಳ ಬಲದಿಂದ ಎಷ್ಟು ಕಡಿಮೆ ತೆರಿಗೆ ಕಟ್ಟುತ್ತಿದ್ದವು ಎಂಬುದನ್ನು ಬಯಲಿಗೆಳೆದವು. ಬಡ ದೇಶಕ್ಕೆ ತೆರಿಗೆಯಾಗಿ ಸೇರಬೇಕಾದ ದುಡ್ಡು ಈ ದಾರಿಯಲ್ಲಿ ಸೋರಿದರೆ ಅದು ಓಡಿಎ ಕೋಷ್ಟಕದ ಯಾವ ಕಾಲಂನಲ್ಲೂ ಕಾಣುವುದಿಲ್ಲ. 2014ರ ನಂತರ ಯುರೋಪಿಯನ್ ಒಕ್ಕೂಟದ ನಿಯಮಗಳು ಬಿಗಿಯಾಗಿವೆ, ಅಂಥ ಒಪ್ಪಿಗೆ ಪತ್ರಗಳ ಮಾಹಿತಿಯನ್ನು ಸದಸ್ಯ ದೇಶಗಳು ಪರಸ್ಪರ ಹಂಚಿಕೊಳ್ಳಬೇಕಾಗಿದೆ. ಆದರೂ ನೆರವಿನ ಶೇ 1 ಒಂದನ್ನೇ ಹಿಡಿದು ದೇಶವನ್ನು ತೂಗಬಾರದು.

ವಿಜಯನಗರ ಆರ್ಥಿಕ

@ಹನುಮಂತನಗರ ಒಪ್ಪುತ್ತೇನೆ, ಆದರೆ ಎರಡನ್ನೂ ಕೂಡಿಸಿ ಕಳೆಯಲು ಹೋಗಬೇಡಿ. ತೆರಿಗೆ ನೀತಿ ಸರಿಯಿಲ್ಲ ಎಂದು ನೆರವು ಕಡಿಮೆ ಮಾಡಿದರೆ ಮಾಲಿಯ ರೈತನಿಗೆ ಎರಡೂ ಕಡೆ ನಷ್ಟ. ಈಗ ಎಲ್ಲೆಡೆ ಕಡಿತದ ಗಾಳಿ ಬೀಸುತ್ತಿದೆ. ಸ್ವೀಡನ್ 2022ರಲ್ಲಿ ಶೇ 1ರ ಗುರಿಯನ್ನೇ ಕೈಬಿಟ್ಟಿತು. ಬ್ರಿಟನ್ 2021ರಲ್ಲಿ 0.7ರಿಂದ 0.5ಕ್ಕೆ ಇಳಿಸಿ, 2027ರ ಹೊತ್ತಿಗೆ 0.3ಕ್ಕೆ ತರುವುದಾಗಿ 2025ರ ಫೆಬ್ರುವರಿಯಲ್ಲಿ ಸಾರಿತು. ಇಂಥ ಹೊತ್ತಿನಲ್ಲಿ ಮಾತಿಗೆ ನಿಂತ ಒಂದು ದೇಶವಿರುವುದು ಸಣ್ಣ ವಿಷಯವಲ್ಲ.

ಇಂದಿರಾನಗರ ಎನ್‌ಜಿಒ ಲೆಕ್ಕಪತ್ರ

ಮೂರನೇ ಪ್ರಶ್ನೆಗೆ ಬರುತ್ತೇನೆ.

ಮೆಟ್ರೊ ಸಾಲ ಇದರಲ್ಲಿ ಸೇರಿಲ್ಲ. ಗುಲಾಬಿ ಮಾರ್ಗಕ್ಕೆ 2017ರಲ್ಲಿ 50 ಕೋಟಿ ಯೂರೊ ಸಾಲಕ್ಕೆ ಒಪ್ಪಿದ ಬ್ಯಾಂಕು ಯುರೋಪಿಯನ್ ಒಕ್ಕೂಟದ 27 ದೇಶಗಳದ್ದು. 1968ರಿಂದ ಅದರ ಕಚೇರಿ ಲಕ್ಸೆಂಬರ್ಗ್‌ನಲ್ಲಿದೆ ಅಷ್ಟೇ. ಬಂಡವಾಳದಲ್ಲಿ ಲಕ್ಸೆಂಬರ್ಗ್‌ನ ಪಾಲು ತೀರಾ ಚಿಕ್ಕದು.

ಸರ್ಕಾರದಿಂದ ಸರ್ಕಾರಕ್ಕೆ ಬರುವ ನೆರವೂ ಇಲ್ಲ. 2003ರ ಬಜೆಟ್‌ನಲ್ಲಿ ಜಸ್ವಂತ್ ಸಿಂಗ್ ಅವರು ಸಣ್ಣ ಮೊತ್ತದ ದ್ವಿಪಕ್ಷೀಯ ನೆರವು ಬೇಡ ಎಂದು ಘೋಷಿಸಿದರು. ಅದನ್ನು ಎನ್‌ಜಿಒ ಅಥವಾ ವಿಶ್ವಸಂಸ್ಥೆಯ ಮೂಲಕ ಕೊಡಬಹುದು ಎಂದಾಯಿತು. 2004ರಲ್ಲಿ ಯುರೋಪಿಯನ್ ಒಕ್ಕೂಟದ ದೇಶಗಳಿಗೆ ಸಡಿಲಿಸಿದರೂ ವರ್ಷಕ್ಕೆ ಕನಿಷ್ಠ 2.5 ಕೋಟಿ ಡಾಲರ್ ಎಂಬ ಮಿತಿ ಬಂತು.

ಉಳಿದಿರುವುದು ಎನ್‌ಜಿಒ ದಾರಿ. ಲಕ್ಸೆಂಬರ್ಗ್‌ನ ಸಚಿವಾಲಯ ಮಾನ್ಯತೆ ಕೊಟ್ಟ ಅಲ್ಲಿನ ಸಂಸ್ಥೆ ಒಂದು ಪಾಲು ಸ್ವಂತ ದೇಣಿಗೆ, ಉಳಿದದ್ದು ಸರ್ಕಾರದ ಸಹ-ಹಣಕಾಸು ಎಂಬಂಥ ಜೋಡಣೆಯಲ್ಲಿ ಯೋಜನೆ ತರಬಹುದು. ಇಲ್ಲಿನ ಸಂಸ್ಥೆ ನೇರವಾಗಿ ಆ ಸಚಿವಾಲಯಕ್ಕೆ ಅರ್ಜಿ ಹಾಕಿ ಫಲವಿಲ್ಲ. ಅಲ್ಲೊಂದು ಜೊತೆಗಾರ ಸಂಸ್ಥೆ ಬೇಕೇ ಬೇಕು.

ಇಲ್ಲಿ ಕಾಯುವುದು ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ನಿಯಂತ್ರಣ ಕಾಯಿದೆ. ನೋಂದಣಿಗೆ ಎಫ್‌ಸಿ-3ಎ ಅರ್ಜಿ. ಸಂಸ್ಥೆಗೆ ಕನಿಷ್ಠ ಮೂರು ವರ್ಷವಾಗಿರಬೇಕು, ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ ಮುಖ್ಯ ಕೆಲಸಕ್ಕೆ 15 ಲಕ್ಷ ರೂಪಾಯಿ ಖರ್ಚು ತೋರಿಸಬೇಕು. ಅಷ್ಟು ವಯಸ್ಸಾಗಿರದ ಸಂಸ್ಥೆಗೆ ಒಂದು ನಿರ್ದಿಷ್ಟ ಯೋಜನೆಗೆ ಎಫ್‌ಸಿ-3ಬಿ ಮೂಲಕ ಪೂರ್ವಾನುಮತಿ. 2020ರ ತಿದ್ದುಪಡಿಯ ಮೇಲೆ ಹಣ ಮೊದಲು ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಬೆಂಗಳೂರಿನ ಎಸ್‌ಬಿಐ ಶಾಖೆಯಲ್ಲೇ ಕಾಗದಪತ್ರ ಕೊಟ್ಟು ಅದನ್ನು ತೆರೆಸಬಹುದು, ಆಮೇಲೆ ಇಲ್ಲಿನ ಬಳಕೆ ಖಾತೆಗೆ ವರ್ಗಾಯಿಸಿಕೊಳ್ಳಬಹುದು.

ಯೋಜನೆ ಕೆಡುವುದು ಸಾಮಾನ್ಯವಾಗಿ ಬಜೆಟ್ ಬರೆಯುವಾಗ. ಆಡಳಿತ ವೆಚ್ಚ ಶೇ 20 ಮೀರುವಂತಿಲ್ಲ. ಕಚೇರಿ ಬಾಡಿಗೆ, ಲೆಕ್ಕಿಗರ ಸಂಬಳ ಎಲ್ಲ ಅದರೊಳಗೆ ಬರಬೇಕು. ಅದಕ್ಕಿಂತ ದೊಡ್ಡ ತೊಡಕು: ಬೆಂಗಳೂರಿನ ಸಂಸ್ಥೆ ಹಣ ಪಡೆದು ರಾಯಚೂರಿನ ಚಿಕ್ಕ ಸಂಘಕ್ಕೆ ಹಂಚುವಂತಿಲ್ಲ, ಆ ಸಂಘಕ್ಕೆ ಎಫ್‌ಸಿಆರ್‌ಎ ನೋಂದಣಿ ಇದ್ದರೂ. ಯುರೋಪಿನ ಜೊತೆಗಾರರಿಗೆ ಇದು ಗೊತ್ತಿರುವುದಿಲ್ಲ, "ಸ್ಥಳೀಯ ಪಾಲುದಾರರಿಗೆ ಉಪ-ಅನುದಾನ" ಎಂಬ ಸಾಲನ್ನು ಬಜೆಟ್‌ನಲ್ಲಿ ಹಾಕಿ ಕಳಿಸುತ್ತಾರೆ. ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಆ ಸಾಲು ತೆಗೆಸಿ. ವಾರ್ಷಿಕ ಲೆಕ್ಕದ ವರದಿ ಎಫ್‌ಸಿ-4 ಡಿಸೆಂಬರ್ 31ರೊಳಗೆ ಹೋಗಬೇಕು. ಅವರ ಲೆಕ್ಕ ಕ್ಯಾಲೆಂಡರ್ ವರ್ಷದ್ದು, ನಮ್ಮದು ಏಪ್ರಿಲ್‌ನಿಂದ ಮಾರ್ಚ್. ಎರಡಕ್ಕೂ ಆಗುವಂತೆ ತಿಂಗಳವಾರು ಲೆಡ್ಜರ್ ಇಡದಿದ್ದರೆ ಎರಡೂ ಕಡೆಯ ಆಡಿಟರ್‌ಗಳಿಂದ ಪ್ರಶ್ನೆ ಬರುತ್ತದೆ.

ಯುನಿಸೆಫ್‌ನಂಥ ವಿಶ್ವಸಂಸ್ಥೆಯ ಅಂಗಗಳು ಮಾತ್ರ ಕಾನೂನಿನ ಪ್ರಕಾರ "ವಿದೇಶಿ ಮೂಲ" ಅಲ್ಲ. ಲಕ್ಸೆಂಬರ್ಗ್ ಯುನಿಸೆಫ್‌ಗೆ ಕೊಟ್ಟು, ಯುನಿಸೆಫ್ ಕಲಬುರಗಿಯಲ್ಲಿ ಖರ್ಚು ಮಾಡಿದರೆ ಇಷ್ಟು ರಗಳೆ ಇರುವುದಿಲ್ಲ.